ಚಲುವಯ್ಯನ ಸ್ಕ್ಯಾನರಿಗೆ ಅಮ್ಮ ಹೂ ಕೊಟ್ಟಿದ್ದು

ಹತ್ತೊಂಬತ್ತು ವರ್ಷಗಳಿಂದ ನಮ್ಮೂರಿನ ಹಾಲಿನ ಡೈರಿಗೆ ಕಾರ್ಯದರ್ಶಿಯಾಗಿರುವ ನಾನು ಗುಟ್ಟು ಕಾಯುವುದರಲ್ಲಿ ಪಳಗಿದವನು. ಯಾರ ಮನೆಯ ಹಾಲಿನಲ್ಲಿ ಎಷ್ಟು ನೀರಿದೆ ಎಂಬುದು ನನಗೂ ನನ್ನ ಯಂತ್ರಕ್ಕೂ ಮಾತ್ರ ಗೊತ್ತು. ಯಂತ್ರ ಚೀಟಿ ಉಗುಳುತ್ತದೆ, ನಾನು ಅದನ್ನು ಮಡಚಿ ಕೊಡುತ್ತೇನೆ, ಈಸಿಕೊಂಡವರು ಯಂತ್ರವನ್ನು ಬೈದುಕೊಂಡು ಮನೆಗೆ ಹೋಗುತ್ತಾರೆ. ಇಂಥ ನನ್ನನ್ನು ನಂಬಿ ಚಲುವಯ್ಯ ಒಂದು ಗುಟ್ಟು ಹೇಳಿದ. ನಾನದನ್ನು ಪ್ರಾಮಾಣಿಕವಾಗಿ ಕಾಯ್ದೆ. ಆ ಪ್ರಾಮಾಣಿಕತೆಯಿಂದಲೇ ಊರಿನಲ್ಲಿ ಇಷ್ಟೆಲ್ಲ ರಾದ್ಧಾಂತವಾಯಿತು ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ನಮ್ಮೂರು ಹಂಪಾಪುರದಿಂದ ನಾಲ್ಕು ಕಿಲೋಮೀಟರ್ ಒಳಗೆ. ಚಲುವಯ್ಯನಿಗೆ ಇರುವ ಆಸ್ತಿಯೆಂದರೆ ಅರ್ಧ ಎಕರೆ ಹೊಲ, ಎರಡು ಹಸು ಮತ್ತು ಹದಿನಾಲ್ಕು ವರ್ಷ ಹಳೆಯದಾದ ಒಂದು ಡೀಸೆಲ್ ವ್ಯಾನು. ಬೆಳಿಗ್ಗೆ ಆರೂವರೆಗೆ ಊರಿನ ಹದಿಮೂರು ಹೆಂಗಸರನ್ನು ಕೂರಿಸಿಕೊಂಡು ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ಗೆ ಬಿಟ್ಟು ಸಂಜೆ ವಾಪಸ್ ಕರೆತರುವುದು ಅವನ ಕೆಲಸ. ಆ ವ್ಯಾನಿಗೆ ಆರು ತಿಂಗಳಿಂದ ಒಂದು ಕಾಯಿಲೆ. ಕೆರೆ ದಾಟಿದ ಮೇಲಿನ ದಿಣ್ಣೆ ಹತ್ತುವಾಗ ಸ್ಟೇರಿಂಗ್ ಮುಂದೆ ಒಂದು ಹಳದಿ ದೀಪ ಹತ್ತಿಕೊಳ್ಳುತ್ತದೆ. ದೀಪ ಹತ್ತಿದ್ದೇ ತಡ ವ್ಯಾನಿನ ಶಕ್ತಿಯೆಲ್ಲ ಇಳಿದುಹೋಗುತ್ತದೆ. ಹೆಂಗಸರು ಇಳಿದು ನಡೆಯುತ್ತಾರೆ. ವ್ಯಾನು ಅವರ ಹಿಂದೆ ಬರುತ್ತದೆ. ಮೇಲೆ ಹೋಗಿ ಕೀ ತಿರುಗಿಸಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ತನಗೇನೂ ಆಗಿಯೇ ಇಲ್ಲ ಎಂಬಂತೆ ಹೊರಡುತ್ತದೆ. ಹೀಗೆ ಎರಡು ಸಲ ಹೆಂಗಸರಿಗೆ ಅರ್ಧ ದಿನದ ಕೂಲಿ ಹೋಗಿತ್ತು. ಮೂರನೇ ಸಲ ತಡವಾದರೆ ಬೇರೆ ಗಾಡಿ ಹಾಕುತ್ತೇವೆ ಎಂದು ಗಾರ್ಮೆಂಟ್ಸ್‌ನವರು ಹೇಳಿಯಾಗಿತ್ತು.

ಗಾಡಿ ಕೆಟ್ಟರೆ ನಮ್ಮ ಕಡೆ ಎಲ್ಲರೂ ಹೋಗುವುದು ಮೆಕ್ಯಾನಿಕ್ ಮರಿಯಯ್ಯನ ಶೆಡ್ಡಿಗೆ. ಹುಣಸೂರಿನಲ್ಲಿ ಕೆಲಸ ಕಲಿತು ಬಂದವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಅವನು ಕಣ್ಣು ಮುಚ್ಚಿದನೆಂದರೆ ಸುತ್ತ ನಿಂತವರು ಕೆಮ್ಮುವುದಿಲ್ಲ. ಸರಗೂರು, ಪಿರಿಯಾಪಟ್ಟಣಗಳಿಂದಲೂ ಗಾಡಿಗಳು ಆ ಕಿವಿಯನ್ನು ನಂಬಿ ಬರುತ್ತಿದ್ದವು. ಒಮ್ಮೆ ಯಾರೋ ಮೈಸೂರಿನಲ್ಲಿ ಕಂಪ್ಯೂಟರಿನಿಂದ ಗಾಡಿ ಪರೀಕ್ಷೆ ಮಾಡಿಸಿ ಪೇಪರ್ ಹಿಡಿದುಕೊಂಡು ಬಂದಿದ್ದರು. "ಆ ಪೇಪರ್ ಕೈಲೇ ರಿಪೇರಿ ಮಾಡಿಸ್ಕ ಓಗು" ಎಂದ ಮರಿಯಯ್ಯ ಎಂಟು ತಿಂಗಳು ಆ ಗಾಡಿಯನ್ನು ಮುಟ್ಟಲಿಲ್ಲ. ಅಂಥ ಮರಿಯಯ್ಯ ಚಲುವಯ್ಯನ ವ್ಯಾನನ್ನು ಆರು ತಿಂಗಳಲ್ಲಿ ಐದು ಸಲ ನೋಡಿ, ಐದು ಸಲವೂ "ಡೀಸೆಲ್ ಕಚಡ" ಎಂದು ಫಿಲ್ಟರ್ ಬದಲಿಸಿದ್ದ. ದೀಪ ಆರಿರಲಿಲ್ಲ.

ಆಗ ಚಲುವಯ್ಯ ಫೋನಿನಲ್ಲಿ ಹಿಂದಿ ವಿಡಿಯೋಗಳನ್ನು ನೋಡಲು ಶುರುಮಾಡಿದ. ಅವನಿಗೆ ಹಿಂದಿ ಬರುವುದಿಲ್ಲ. ಆದರೂ ಒಂದು ತಿಂಗಳಲ್ಲಿ ಅರ್ಧ ಮೆಕ್ಯಾನಿಕ್ ಆದ. ಒಂದು ಸಂಜೆ ಡೈರಿ ಬಾಗಿಲು ಹಾಕುವ ಹೊತ್ತಿಗೆ ಬಂದು, ಅತ್ತಿತ್ತ ನೋಡಿ, ಶರ್ಟಿನೊಳಗಿಂದ ಒಂದು ನೋಟ್‌ಬುಕ್ ತೆಗೆದ.

"ಸೆಕ್ರೆಟ್ರಣ್ಣ, ನೀವು ಮಿಷನ್ನು ಆಪರೇಟ್ ಮಾಡೋರು. ನಿಮ್ಗೆ ಗೊತ್ತಾಯ್ತದೆ. ಮೊದ್ಲು ಆಲಿನ ಕ್ಯಾನ್ ಮುಟ್ಟಿ ಆಣೆ ಮಾಡಿ, ಯಾರ್ಗೂ ಯೋಳಲ್ಲ ಅಂತ."

ನಾನು ನಲವತ್ತು ಲೀಟರಿನ ಕ್ಯಾನ್ ಮುಟ್ಟಿ ಆಣೆ ಮಾಡಿದೆ. ನೋಟ್‌ಬುಕ್ಕಿನ ಮೇಲ್ಗಡೆ 'ಶ್ರೀ ಮಾರಮ್ಮ ಪ್ರಸನ್ನ' ಎಂದು ಬರೆದಿತ್ತು. ಅದರ ಕೆಳಗೆ ಮೂರು ಸ್ಕ್ಯಾನರುಗಳ ಚಿತ್ರವನ್ನು ಅವನೇ ಪೆನ್ನಿನಲ್ಲಿ ಬಿಡಿಸಿದ್ದ. ಮೂರೂ ಇಸ್ತ್ರಿಪೆಟ್ಟಿಗೆಯ ಹಾಗೆ ಕಾಣುತ್ತಿದ್ದವು.

"ಇದು ಎಬ್ಬೆಟ್ಟಿನ ಗಾತ್ರದ್ದು. ಸ್ಟೇರಿಂಗ್ ಕೆಳ್ಗೆ ಒಂದು ಸಾಕೆಟ್ ಇರ್ತದೆ, ಅಲ್ಲಿಗೆ ಚುಚ್ಚಿದ್ರೆ ಗಾಡಿ ಕಾಯ್ಲೆನೆಲ್ಲ ಪೋನ್‌ಗೆ ಯೋಳ್ತದೆ. ಆದ್ರೆ ಅಳೇ ಡೀಸೆಲ್ ಗಾಡಿ ಮಾತು ಇದಕ್ಕೆ ತಿಳೀತದೋ ಇಲ್ವೋ. ಇದು ಎರಡ್ನೇದು, ವೈರಿರೋದು. ಕೈಯಲ್ಲಿಡ್ಕಬೋದು, ಪರದೆ ಅದ್ರಲ್ಲೇ ಅದೆ. ಇದು ಮೂರ್ನೇದು, ಸಿಲೇಟ್‌ನಂಗೆ ದೊಡ್ಡದು. ಬ್ರೇಕು, ಇಂಜಿನ್ನು, ಎಲ್ಲಾ ನೋಡ್ತದೆ. ಆದ್ರೆ ವರ್ಸಾವರ್ಸ ದುಡ್ ಕಟ್ಬೇಕು. ಯಾವ್ದ್ ತಕಳ್ಳಿ?"

"ನಿನ್ನ ಗಾಡಿ ಯಾವುದು, ಎಷ್ಟನೇ ಇಸವಿದು ಅಂತ ಹೇಳಿ, ಇದು ಓದುತ್ತಾ ಅಂತ ಮಾರುವವರನ್ನೇ ಕೇಳಪ್ಪ" ಎಂದೆ. ಇದಕ್ಕಿಂತ ಒಳ್ಳೆಯ ಸಲಹೆ ನಾನು ಜೀವನದಲ್ಲಿ ಯಾರಿಗೂ ಕೊಟ್ಟಿಲ್ಲ.

"ಕೇಳ್ದೆ ಕಣಣ್ಣ. ಮೂರು ಜನಾನೂ 'ಓದ್ತದೆ ಸಾರ್, ಬಾಳ ಚೆನ್ನಾಗ್ ಓದ್ತದೆ' ಅಂದ್ರು."

ಚಲುವಯ್ಯ ನೋಟ್‌ಬುಕ್ಕನ್ನು ಕಣ್ಣಿಗೊತ್ತಿಕೊಂಡು ಮತ್ತೆ ಶರ್ಟಿನೊಳಗೆ ಸೇರಿಸಿ, "ಇನ್ನೇನ್ ಮಾಡದು, ಸುಕ್ರವಾರ ಅಮ್ಮನ್ನೇ ಕೇಳ್ಬುಡ್ತೀನಿ" ಎಂದ.

ನಮ್ಮೂರ ಮಾರಮ್ಮನ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಇದೆ. ಅಮ್ಮನ ವಿಗ್ರಹಕ್ಕೆ ನೀರು ಹಾಕಿ, ಒದ್ದೆ ಕಲ್ಲಿಗೆ ಸೇವಂತಿಗೆ ಎಸಳು ಅಂಟಿಸಿ, ಕೇಳುವವನು ಮನಸ್ಸಿನಲ್ಲೇ ಕೇಳಿಕೊಂಡು ಕೈಮುಗಿದು ನಿಲ್ಲಬೇಕು. ಬಲಗಡೆಯ ಎಸಳು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಬೇಡ. ಹೆಣ್ಣು ನೋಡುವ ಮೊದಲು ಕೇಳುತ್ತಾರೆ, ಬೋರ್‌ವೆಲ್ ಕೊರೆಸುವ ಮೊದಲು ಕೇಳುತ್ತಾರೆ. ಡೈರಿ ಚುನಾವಣೆಗೆ ನಾಮಪತ್ರ ಹಾಕುವ ಮೊದಲಂತೂ ಕೇಳದೆ ಇರುವವರೇ ಇಲ್ಲ. ಆ ಶುಕ್ರವಾರ ಡೈರಿ ಚುನಾವಣೆಯ ನಾಮಪತ್ರದ ವಾರ ಶುರುವಾಗಿತ್ತು. ಅದು ಊರಿಗೆಲ್ಲ ಗೊತ್ತಿತ್ತು, ಚಲುವಯ್ಯನಿಗೊಬ್ಬನಿಗೆ ನೆನಪಿರಲಿಲ್ಲ.

ಗುಡಿಯಲ್ಲಿ ಇಪ್ಪತ್ತು ಜನರಿದ್ದರು. ಪೂಜಾರಿ ದೇವಯ್ಯ ಎಸಳು ಅಂಟಿಸಿ ಗಂಟೆ ಬಾರಿಸಿದ. ಚಲುವಯ್ಯ ಮೊದಲು ತನಗೆ ಆಸೆಯಿದ್ದ ದೊಡ್ಡ ಸ್ಕ್ಯಾನರನ್ನು ಮನಸ್ಸಿನಲ್ಲಿಟ್ಟುಕೊಂಡ. ಎಡಗಡೆಯ ಎಸಳು ಬಿತ್ತು. "ಇನ್ನೊಂದ್ಸಲ ಕೇಳ್ತೀನಿ ದೇವಯ್ಯ" ಎಂದು ಹೆಬ್ಬೆರಳಿನ ಗಾತ್ರದ್ದನ್ನು ನೆನೆಸಿಕೊಂಡ. ಅದೂ ಎಡ. ಗುಡಿಯಲ್ಲಿದ್ದವರೆಲ್ಲ ಹತ್ತಿರ ಬಂದರು. ಮೂರನೇ ಸಲ ವೈರಿನ ಸ್ಕ್ಯಾನರನ್ನು ನೆನೆಸಿ ಕಣ್ಣು ಮುಚ್ಚಿದ್ದೇ ತಡ, ಬಲಗಡೆಯಿಂದ ಎರಡು ಎಸಳು ಒಟ್ಟಿಗೆ ಉದುರಿದವು.

"ಕೊಟ್ಬುಟ್ಳು! ಅಮ್ಮ ಬಲಕ್ ಕೊಟ್ಬುಟ್ಳು ಕಣ್ಲಾ ಚಲುವಯ್ಯ! ಇನ್ ನಿನ್ನ ತಡಿಯೋರಿಲ್ಲ, ಓಗು!" ಎಂದು ದೇವಯ್ಯ ಗಂಟೆಯನ್ನು ಕಿತ್ತುಬರುವ ಹಾಗೆ ಬಾರಿಸಿದ.

ಚಲುವಯ್ಯ ಅಡ್ಡಬಿದ್ದು, ಗುಡಿಯ ಮೆಟ್ಟಿಲ ಮೇಲೆಯೇ ಕೂತು ಫೋನಿನಲ್ಲಿ ವೈರಿನ ಸ್ಕ್ಯಾನರ್ ಬುಕ್ ಮಾಡಿದ. ಮನೆಗೆ ಬಂದರೆ ಹೆಂಡತಿ ಕೇಳಿಯಾಳೆಂದು ಡೈರಿಯ ವಿಳಾಸ ಕೊಟ್ಟ.

ಮರುದಿನ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಹಾಲಿಗಿಂತ ಮಾತೇ ಹೆಚ್ಚಿತ್ತು. ಮೂರು ಸಲ ಕೇಳಿದ್ದಕ್ಕೆ ಊರು ಆಗಲೇ ಅರ್ಥ ಕಂಡುಹಿಡಿದಿತ್ತು. ಮೊದಲ ಸಲ ಅಧ್ಯಕ್ಷ ಆಗ್ತೀನಾ ಅಂತ ಕೇಳಿದ, ಅಮ್ಮ ಎಡಕ್ಕೆ ಕೊಟ್ಟಳು. ಎರಡನೇ ಸಲ ಉಪಾಧ್ಯಕ್ಷ, ಅದಕ್ಕೂ ಎಡ. ಮೂರನೇ ಸಲ ಬರೀ ನಿರ್ದೇಶಕ ಆದ್ರೆ ಸಾಕಾ ಅಂದ, ಅದಕ್ಕೆ ಬಲ. ಇಷ್ಟು ಸ್ಪಷ್ಟವಾದ ಲೆಕ್ಕಕ್ಕೆ ನಾನು ಏನು ಹೇಳಲಿ? ಈ ಚುನಾವಣೆಯಲ್ಲಿ ಹದಿಮೂರು ಸ್ಥಾನಗಳ ಪೈಕಿ ಹನ್ನೆರಡಕ್ಕೆ ಪೈಪೋಟಿಯಿಲ್ಲದೆ ಮಾತಾಗಿಹೋಗಿತ್ತು. ಉಳಿದ ಒಂದು ಸ್ಥಾನಕ್ಕೆ ನಿಲ್ಲುವವಳು ಸುಂದ್ರಮ್ಮ. ಸುಂದ್ರಮ್ಮ ಯಾರೆಂದರೆ ಮೆಕ್ಯಾನಿಕ್ ಮರಿಯಯ್ಯನ ಹೆಂಡತಿ.

"ಸೆಕ್ರೆಟ್ರಣ್ಣ, ಚಲುವಯ್ಯ ಸುಂದ್ರಕ್ಕನ ಮೇಲೆ ನಿಲ್ತಾವ್ನಂತಲ್ಲ, ದಿಟವಾ?" ಎಂದು ಎಲ್ಲರೂ ನನ್ನನ್ನೇ ಕೇಳಿದರು. ಕ್ಯಾನ್ ಮುಟ್ಟಿ ಆಣೆ ಮಾಡಿದವನು ನಾನು. ಬಾಯಿ ಬಿಡದೆ ಚೀಟಿ ಮಡಚಿದೆ. "ನೋಡ್ರಪ್ಪ, ಇಲ್ಲ ಅನ್ನಲಿಲ್ಲ" ಎಂದು ಊರು ಖಚಿತಪಡಿಸಿಕೊಂಡಿತು.

ಸುಂದ್ರಮ್ಮನನ್ನು ಕಂಡರಾಗದ ಕಿರಣ್‌ಕುಮಾರ್ ಎಂಬ ಯುವಕ ಮುಖಂಡರೊಬ್ಬರು ನಮ್ಮಲ್ಲಿದ್ದಾರೆ. ಹಬ್ಬಗಳಿಗೆ ತಮ್ಮ ಫೋಟೋದ ಫ್ಲೆಕ್ಸ್ ಹಾಕಿಸುವುದು ಅವರ ಸಮಾಜಸೇವೆ. ಭಾನುವಾರ ಅವರು ನಾಲ್ಕು ಜನರೊಂದಿಗೆ ಚಲುವಯ್ಯನ ಮನೆಗೇ ಬಂದರು.

"ಚಲುವಣ್ಣ, ಅಮ್ಮ ಬಲಕ್ ಕೊಟ್ಟಿದ್ದು ಗೊತ್ತಾಯ್ತು. ಧೈರ್ಯವಾಗಿ ಮುಂದುಕ್ಕೋಗು. ಖರ್ಚು ನಮ್ದು."

ಚಲುವಯ್ಯ ಶರ್ಟಿನೊಳಗಿನ ನೋಟ್‌ಬುಕ್ಕನ್ನು ಮುಟ್ಟಿ ನೋಡಿಕೊಂಡ. ಸ್ಕ್ಯಾನರ್ ವಿಷಯ ಇವರಿಗೂ ಗೊತ್ತಾಗಿಹೋಯಿತಲ್ಲ! "ನೀವ್ಯಾಕಪ್ಪ ದುಡ್ ಕೊಡ್ತೀರಿ? ನನ್ ತಾಪತ್ರಯಕ್ಕೆ ನಾನ್ ತಕತಾ ಇರೋದು."

"ನಿನ್ನೊಬ್ನಿಗಲ್ಲ, ಊರ್ಗೇ ಉಪಯೋಗ ಆಯ್ತದೆ ಕಣಣ್ಣ."

ಕಿರಣ್‌ಕುಮಾರರ ಮನೆಯಲ್ಲಿ ಎರಡು ಟ್ರ್ಯಾಕ್ಟರ್ ಇರುವುದು ಚಲುವಯ್ಯನಿಗೆ ನೆನಪಾಯಿತು. ಅದಕ್ಕೇ ಇಷ್ಟು ಪ್ರೀತಿ ಎಂದುಕೊಂಡ. "ಆದ್ರೆ ಮರಿಯಣ್ಣಂಗ್ ಗೊತ್ತಾದ್ರೆ ನನ್ನ ಜೀವಸಹಿತ ಬುಡಲ್ಲ" ಎಂದ.

"ಅವನ್ನ ಇಳ್ಸೋಕೇ ತಾನೆ ನಾವು ನಿನ್ನ ಇಡ್ಕಂಡಿರೋದು!" ಎಂದು ಕಿರಣ್‌ಕುಮಾರ್ ಬೆನ್ನು ತಟ್ಟಿ ಹೋದರು. ಅಷ್ಟರಲ್ಲಿ ಇಬ್ಬರು ಮುದುಕಿಯರು ಬಂದು ತಮ್ಮ ಹಾಲಿಗೆ ಫ್ಯಾಟ್ ಕಡಿಮೆ ಬರುತ್ತಿದೆ, ನೀನೇ ಸರಿಮಾಡಿಸಬೇಕು ಎಂದು ಚಲುವಯ್ಯನ ಕೈ ಹಿಡಿದುಕೊಂಡರು. ಸ್ಕ್ಯಾನರ್ ಹಾಲನ್ನೂ ನೋಡುತ್ತದೆಂದು ಇವರಿಗೆ ಯಾರು ಹೇಳಿದರೋ ಎಂದು ಅವನು ರಾತ್ರಿಯೆಲ್ಲ ಯೋಚಿಸಿದನಂತೆ.

ಸೋಮವಾರ ಬೆಳಿಗ್ಗೆ ದಿಣ್ಣೆಯಲ್ಲಿ ಮತ್ತೆ ದೀಪ ಹತ್ತಿತು. ಹೆಂಗಸರು ಇಳಿದು ಸೆರಗು ಸಿಕ್ಕಿಸಿಕೊಂಡು ವ್ಯಾನನ್ನು ತಳ್ಳಿಯೇ ಮೇಲೆ ಹತ್ತಿಸಿದರು. ಗಾರ್ಮೆಂಟ್ಸ್‌ನ ಗೇಟು ಹಾಕಲು ಎರಡು ನಿಮಿಷ ಇದ್ದಾಗ ಹೋಗಿ ಮುಟ್ಟಿದರು. ಸ್ಕ್ಯಾನರ್ ಬರುವುದು ಬುಧವಾರ. ಅಲ್ಲಿಯವರೆಗೆ ತಡೆಯಲಾರದೆ ಚಲುವಯ್ಯ ವ್ಯಾನನ್ನು ಮರಿಯಯ್ಯನ ಶೆಡ್ಡಿಗೇ ತಿರುಗಿಸಿದ.

ಮರಿಯಯ್ಯ ಒಂದು ಬೈಕಿನ ಚೈನು ಬಿಚ್ಚುತ್ತಿದ್ದ. ತಲೆಯೆತ್ತಲಿಲ್ಲ. ಸುಂದ್ರಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಮರಿಯಣ್ಣ, ವಸಿ ಗಾಡಿ ನೋಡಣ್ಣ."

"ದೊಡ್ಡೋರ ಗಾಡಿ ನಾವ್ ಮುಟ್ಟಲ್ಲ ಕಣಪ್ಪ."

ಎಲ್ಲ ಗೊತ್ತಾಗಿದೆ ಎಂದು ಚಲುವಯ್ಯನಿಗೆ ಖಾತ್ರಿಯಾಯಿತು. ಸೀದಾ ಹೋಗಿ ಮರಿಯಯ್ಯನ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ತಪ್ಪಾಯ್ತಣ್ಣ. ನಿನ್ ಮೇಲೆ ನಂಬ್ಕೆ ಇಲ್ದೆ ಮಾಡಿದ್ದಲ್ಲ. ಆರ್ ತಿಂಗ್ಳು ಕಾದೆ. ನಿನ್ ಕೈಲಿ ಆಗ್ಲಿಲ್ಲ ಅಂತ ನಾನೇ ಮುಂದಕ್ ಬಂದೆ, ಅಷ್ಟೇಯ."

"ಕೈಲಾಗ್ಲಿಲ್ವಾ?" ಎಂದು ಸುಂದ್ರಮ್ಮ ಮೊರವನ್ನು ನೆಲಕ್ಕೆ ಕುಕ್ಕಿದಳು. "ಐದು ವರ್ಸ ಕೆಲ್ಸ ಮಾಡಿದೀನಿ ಕಣೋ ಚಲುವಯ್ಯ! ನಿನ್ನೆಡ್ತಿ ಕುಳ್ಳಮ್ಮಂಗೆ ಅಸು ಸಾಲ ಕೊಡ್ಸಿದ್ದು ಯಾರು?"

"ನಿಮಗೆ ಇದ್ರಲ್ಲಿ ಏನ್ ಸಂಬಂಧ ಸುಂದ್ರಕ್ಕ? ಇದು ನನ್ಗೂ ಮರಿಯಣ್ಣಂಗೂ ಇರೋ ಮಾತು."

ಐದು ವರ್ಷ ನಿರ್ದೇಶಕಿಯಾಗಿದ್ದವಳಿಗೆ ಡೈರಿಯಲ್ಲಿ ಏನು ಸಂಬಂಧ ಎಂದು ಕೇಳಿದ ಮೇಲೆ ಏನಾಗಬೇಕೋ ಅದಾಯಿತು. ಚಲುವಯ್ಯ ಶೆಡ್ಡಿನಿಂದ ಓಡಿಬಂದಾಗ ಅವನ ತಲೆಯ ಮೇಲೆ ಅವರೆಕಾಯಿಯ ಸಿಪ್ಪೆಗಳಿದ್ದವು. ಇಪ್ಪತ್ತು ವರ್ಷದ ಸ್ನೇಹ, ಮಕ್ಕಳ ನಾಮಕರಣಕ್ಕೆ ಒಂದೇ ಎಲೆಯ ಸಾಲಿನಲ್ಲಿ ಕೂತು ಉಂಡವರು. ಡೈರಿಗೆ ಬಂದು ಅದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. "ಚುನಾವಣೆ ಅಂತ ಊರಲ್ಲಿ ಏನೋ ಮಾತಾಡ್ತಾರೆ ಕಣಪ್ಪ" ಎನ್ನುವಷ್ಟರಲ್ಲಿ ಅವನು, "ನನ್ಗ್ಯಾಕಣ್ಣ ಎಲೆಕ್ಸನ್ನು, ನಂದೇ ನಂಗ್ ಸಾಕಾಗದೆ" ಎಂದು ಮೂಗು ಒರೆಸಿಕೊಂಡು ಎದ್ದು ಹೋದ.

ಬುಧವಾರ ನಾಮಪತ್ರಕ್ಕೆ ಕೊನೆಯ ದಿನ. ಸಹಕಾರ ಇಲಾಖೆಯಿಂದ ಚುನಾವಣಾಧಿಕಾರಿಯಾಗಿ ಶೃತಿ ಎಂಬ ಮೇಡಮ್ಮು ಬಂದು ನನ್ನ ಮೇಜಿನಲ್ಲೇ ಕೂತಿದ್ದರು. ಮಧ್ಯಾಹ್ನ ಎರಡೂವರೆಗೆ ಕೊರಿಯರ್‌ನವನು ಚಲುವಯ್ಯನ ಹೆಸರಿನ ಪೆಟ್ಟಿಗೆಯನ್ನು ಅದೇ ಮೇಜಿನ ಮೇಲಿಟ್ಟು ಹೋದ. ನಾನು ಚಲುವಯ್ಯನಿಗೆ ಫೋನ್ ಮಾಡಿ, "ಬಂದಿದೆ, ಬೇಗ ಬಾ" ಎಂದೆ. ಹೊರಗೆ ಕಿರಣ್‌ಕುಮಾರ್ ಕಡೆಯವರು ಹೂವಿನ ಹಾರ ಹಿಡಿದು ಕಾಯುತ್ತಿದ್ದರು. ಅವರು ನಾಮಪತ್ರವನ್ನು ತಾವೇ ತುಂಬಿಸಿ, ಸೂಚಕ ಅನುಮೋದಕರ ಸಹಿಯನ್ನೂ ಹಾಕಿಸಿ, ಠೇವಣಿಯನ್ನೂ ಕಟ್ಟಿ ಮೇಜಿನ ಮೇಲಿಟ್ಟಾಗಿತ್ತು. ಬೇಕಾಗಿದ್ದದ್ದು ಅಭ್ಯರ್ಥಿಯ ಸಹಿ ಒಂದೇ. ಆ ಹೊತ್ತಿಗೆ ನಾನು ಮೇಡಮ್ಮಿಗೆ ಎಳನೀರು ತರಲು ಆಚೆ ಹೋಗಿದ್ದೆ. ನನ್ನ ಜೀವನದ ದೊಡ್ಡ ತಪ್ಪು ಆ ಎಳನೀರು.

ಮೂರು ಗಂಟೆಗೆ ಐದು ನಿಮಿಷ ಇದ್ದಾಗ ಚಲುವಯ್ಯ ಏದುಸಿರು ಬಿಡುತ್ತ ನುಗ್ಗಿದ.

"ಚಲುವಯ್ಯನವರಾ? ಇಷ್ಟು ಲೇಟಾ? ಇಲ್ಲೊಂದು, ಇಲ್ಲೊಂದು ಸಹಿ ಹಾಕಿ. ಆಧಾರ್ ಇದೆಯಾ?" ಎಂದರು ಶೃತಿ ಮೇಡಮ್ಮು.

ಒಂದು ಪೆಟ್ಟಿಗೆಗೆ ಇಷ್ಟು ದೊಡ್ಡ ಮೇಡಮ್ಮೇ ಬಂದು ಕೂತಿದ್ದಾರಲ್ಲ ಎಂದು ಚಲುವಯ್ಯನಿಗೆ ಆ ಕಂಪನಿಯ ಮೇಲೆ ಗೌರವ ಹುಟ್ಟಿತು. ತೋರಿಸಿದಲ್ಲೆಲ್ಲ ಸಹಿ ಹಾಕಿದ, ಕೈಮುಗಿದ, ಪೆಟ್ಟಿಗೆ ಎತ್ತಿಕೊಂಡ. ಬಾಗಿಲಿಗೆ ಬಂದರೆ ಕುತ್ತಿಗೆಗೆ ಹಾರ ಬಿತ್ತು, ಪಟಾಕಿ ಸಿಡಿಯಿತು. ಎಳನೀರು ಹಿಡಿದು ಬಂದ ನನಗೆ ಕಂಡದ್ದು, ಹಾರ ಹಾಕಿಕೊಂಡು ಪೆಟ್ಟಿಗೆಯನ್ನು ಎದೆಗವಚಿಕೊಂಡು ಮದುಮಗನಂತೆ ನಿಂತ ಚಲುವಯ್ಯ. ರಸ್ತೆಯ ಆ ಬದಿಯಲ್ಲಿ ಮರಿಯಯ್ಯ ನಿಂತು ನೋಡುತ್ತಿದ್ದ. ಮುಖ ತಿರುಗಿಸಿ ಹೊರಟುಹೋದ.

"ಇದ್ಯಾವ್ದಣ್ಣ ಇದು?" ಎಂದು ಚಲುವಯ್ಯ ಹಾರ ಮುಟ್ಟಿಕೊಂಡು ನನ್ನನ್ನು ಕೇಳಿದ. ನಾನು ಅವನನ್ನು ಒಳಕ್ಕೆ ಎಳೆದುಕೊಂಡು ಹೋಗಿ ಎಲ್ಲ ಬಿಡಿಸಿ ಹೇಳಿದೆ. "ನಾನ್ ಕೊರಿಯರ್‌ಗ್ ಸೈನ್ ಮಾಡಿದ್ದು ಕಣಣ್ಣ!" ಎಂದು ಅವನು ನನ್ನ ಕ್ಯಾನುಗಳ ನಡುವೆಯೇ ಕುಸಿದ. ಶುಕ್ರವಾರ ಮೂರು ಗಂಟೆಯವರೆಗೆ ವಾಪಸ್ ತೆಗೆದುಕೊಳ್ಳಲು ಅವಕಾಶವಿದೆ ಎಂದು ಸಮಾಧಾನ ಹೇಳಿ ಕಳಿಸಿದೆ.

ಸಂಜೆ ಇನ್ನೊಂದು ಪೆಟ್ಟು ಕಾದಿತ್ತು. ಸ್ಕ್ಯಾನರು ಸಾಕೆಟ್ಟಿನೊಳಗೆ ಹೋಗಲೇ ಇಲ್ಲ. ಎಷ್ಟು ಒತ್ತಿದರೂ ಅರ್ಧಕ್ಕೆ ನಿಂತಿತು. ಚಲುವಯ್ಯ ಟಾರ್ಚ್ ಬಿಟ್ಟು ನೋಡಿದ. ಸಾಕೆಟ್ಟಿನ ಹದಿನಾರು ತೂತುಗಳ ಪೈಕಿ ಹನ್ನೊಂದರಲ್ಲಿ ಏನೋ ಕಡ್ಡಿ ಮುರಿದುಕೊಂಡಿತ್ತು. ಕುಳ್ಳಮ್ಮನನ್ನು ಕರೆದು ಕೇಳಿದ.

"ಊದ್ಗಡ್ಡಿ ಕಣ್ರೀ" ಎಂದಳು ಅವಳು, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಅಮಾಸೆಗೆ, ಆಯ್ದಪೂಜೆಗೆ ಅಲ್ಲೇ ಸಿಗ್ಸೋದು ನಾನು. ಅಷ್ಟ್ ಅಚ್ಕಟ್ಟಾಗ್ ತೂತ್ ಬುಟ್ಟವ್ರೆ, ಇನ್ಯಾಕ್ ಬುಟ್ಟವ್ರೆ ಅಂದ್ಕಂಡೆ."

ಹದಿನಾಲ್ಕು ವರ್ಷದ ಭಕ್ತಿ ಆ ತೂತುಗಳಲ್ಲಿ ಗಟ್ಟಿಯಾಗಿ ಕೂತಿತ್ತು. ಅದನ್ನು ತೆಗೆಯುವ ಸಣ್ಣ ಇಕ್ಕಳ ಊರಿನಲ್ಲಿ ಇದ್ದದ್ದು ಒಬ್ಬನ ಹತ್ತಿರ ಮಾತ್ರ.

ಗುರುವಾರ ಹೆಂಗಸರನ್ನು ಹೇಗೋ ಮುಟ್ಟಿಸಿ ಬಂದ ಚಲುವಯ್ಯ ನನ್ನನ್ನು ಸಾಕ್ಷಿಗೆಂದು ಎಳೆದುಕೊಂಡು ಶೆಡ್ಡಿಗೆ ಹೋದ. ಪೆಟ್ಟಿಗೆಯನ್ನು ಮರಿಯಯ್ಯನ ಕಾಲ ಬಳಿ ಇಟ್ಟು, "ಅಮ್ಮನ ತಾವ ಊ ಕೇಳಿದ್ದು ಇದುಕ್ಕೆ ಕಣಣ್ಣ. ಎಲೆಕ್ಸನ್ನು ನಂಗ್ ಗೊತ್ತೇ ಇಲ್ಲ" ಎಂದ. ಕ್ಯಾನಿನ ಆಣೆ ಮುರಿದು ನಾನೂ ಹೌದೆಂದೆ. ಸುಂದ್ರಮ್ಮನ ಮುಖ ಅರಳಿತು. ಮರಿಯಯ್ಯ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದ. ಅವನ ಮುಖ ಇನ್ನಷ್ಟು ಕಪ್ಪಿಟ್ಟಿತು.

"ಎಲೆಕ್ಸನ್‌ಗ್ ನಿಂತಿದ್ರೂ ಪರ್ವಾಗಿರ್ನಿಲ್ಲ ಕಣ್ಲಾ! ಮಿಸನ್ ತಂದಿದ್ದೀಯಾ ಮಿಸನ್ನು! ನನ್ ಕಿವಿ ಏನ್ ಸತ್ತೋಗಿತ್ತಾ?"

"ಅಯ್ಯೋ ಸಾಕ್ ಬುಡಿ ನಿಮ್ ಕಿವಿ!" ಎಂದು ಸುಂದ್ರಮ್ಮ ಎದ್ದಳು. ಸ್ಥಾನ ಉಳಿದ ಸಂತೋಷದಲ್ಲಿ ಅವಳಿಗೆ ಗಂಡನ ಮಾನದ ಪರಿವೆಯೇ ಇರಲಿಲ್ಲ. ಒಳಗೆ ಹೋಗಿ ಅಕ್ಕಿ ಡಬ್ಬದಲ್ಲಿ ಕೈಯಾಡಿಸಿ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದಳು. ಒಳಗೆ ಹೆಬ್ಬೆರಳಿನ ಗಾತ್ರದ ಸ್ಕ್ಯಾನರ್ ಇತ್ತು.

ಮರಿಯಯ್ಯ ಸ್ಟೂಲಿನ ಮೇಲೆ ಕೂತ.

"ಎರಡ್ ವರ್ಸ ಆಯ್ತು" ಎಂದ ಮೆಲ್ಲಗೆ. "ಒಸ ಗಾಡಿಗಳು ಕಿವಿಗ್ ಕೇಳಲ್ಲ ಕಣ್ಲಾ. ಓನರ್‌ನ ಟೀ ಕುಡ್ಕಂಡ್ ಬಾ ಓಗು ಅಂತ ಕಳ್ಸಿ ಚುಚ್ಚಿ ನೋಡ್ಕತಿದ್ದೆ. ಎಲ್ಲಾ ಗಾಡೀನೂ ಬಾಯ್ ಬುಡ್ತಿದ್ವು, ನಿಂದೊಂದೇ ಬುಡ್ನಿಲ್ಲ. ಸಾಕೆಟ್‌ಗೇ ಓಗ್ನಿಲ್ಲ, ಅಲ್ಲೇನದೆ ಅಂತ ನನ್ ಕಣ್ಗೂ ಕಾಣ್ನಿಲ್ಲ. ನನ್ ಮಿಸನ್ನೇ ಸರಿ ಇಲ್ವೇನೋ ಅನ್ಕಂಡೆ. ಯಾರ್ನ ಕೇಳ್ಲಿ? ಅದ್ಕೇ ಡೀಸೆಲ್ ಕಚಡ ಅಂತಿದ್ದೆ."

ಮುಂದಿನದು ಬೇಗ ಆಯಿತು. ಮರಿಯಯ್ಯ ಇಕ್ಕಳ ಹಿಡಿದು ಹನ್ನೊಂದು ಊದುಬತ್ತಿ ಕಡ್ಡಿಗಳನ್ನು ಒಂದೊಂದಾಗಿ ಕಿತ್ತ. ಚಲುವಯ್ಯನ ಸ್ಕ್ಯಾನರು ಒಳಗೆ ಹೋಗಿ ಕೂತು, ಇಂಜಿನ್ನಿಗೆ ಗಾಳಿ ನೂಕುವ ಟರ್ಬೋದಿಂದ ಬರುವ ಗಾಳಿ ಸಾಲುತ್ತಿಲ್ಲ ಎಂದು ಹೇಳಿತು. ಯಾಕೆ ಸಾಲುತ್ತಿಲ್ಲ ಎಂದು ಮಾತ್ರ ಹೇಳಲಿಲ್ಲ. ಆಗ ಮರಿಯಯ್ಯ ಚಲುವಯ್ಯನಿಗೆ ಆಕ್ಸಿಲರೇಟರ್ ಒತ್ತಲು ಹೇಳಿ, ಇಂಜಿನ್ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಆಲಿಸಿದ. ಗಾಳಿಯ ರಬ್ಬರ್ ಪೈಪಿನ ಅಡಿಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ಬೆರಳುದ್ದದ ಸೀಳು ಇತ್ತು. ಹೊಸ ಪೈಪು ಹಾಕಲು ಇಪ್ಪತ್ತು ನಿಮಿಷ. ಹಳದಿ ದೀಪ ಆರಿತು. ಇಬ್ಬರೂ ಆ ಆರಿದ ದೀಪವನ್ನು ಬಹಳ ಹೊತ್ತು ನೋಡಿದರು.

"ಮಿಸನ್ ವಿಚಾರ ನಮ್ ನಮ್ಮಲ್ಲೇ ಇರ್ಲಿ ಕಣ್ಲಾ ಚಲುವಯ್ಯ" ಎಂದ ಮರಿಯಯ್ಯ ಕೊನೆಗೆ. "ಗೊತ್ತಾದ್ರೆ ನಾಳಿಂದ ಶೆಡ್ಡಿಗೆ ಒಂದ್ ಸೈಕಲ್ಲೂ ಬರಾಕಿಲ್ಲ."

ಶುಕ್ರವಾರ ಬೆಳಿಗ್ಗೆ ವ್ಯಾನು ದಿಣ್ಣೆಯನ್ನು ಮೂರನೇ ಗೇರಿನಲ್ಲಿ ಹತ್ತಿತು. ಹೆಂಗಸರು ಹತ್ತು ನಿಮಿಷ ಮೊದಲೇ ಗೇಟಿನಲ್ಲಿದ್ದರು. ಚಲುವಯ್ಯ ಹಾಡು ಹೇಳಿಕೊಂಡು ಎರಡು ಗಂಟೆಗೆ ಡೈರಿಗೆ ಬಂದು ನಾಮಪತ್ರ ವಾಪಸ್ ತೆಗೆದುಕೊಳ್ಳುವ ಅರ್ಜಿ ಕೇಳಿದ. ಊರು ಬಿಡಲಿಲ್ಲ. ಡೈರಿಯ ಮುಂದೆ ಐವತ್ತು ಜನ ಸೇರಿದರು.

"ಅಮ್ಮ ಕೊಟ್ಟ ಊವ ಎಡಗಾಲಲ್ಲಿ ಒದೀತೀಯೇನ್ಲಾ?" ಎಂದ ಪೂಜಾರಿ ದೇವಯ್ಯ. ಈಗ ಅವನ ಮಾತಿನ ಮರ್ಯಾದೆಯ ಪ್ರಶ್ನೆಯೂ ಬಂದಿತ್ತು.

"ಮರಿಯಯ್ಯ ಎದರಿಸವ್ನೆ!" ಎಂದು ಕಿರಣ್‌ಕುಮಾರ್ ಕೂಗಿದರು.

ಚಲುವಯ್ಯ ಬಾಯಿ ತೆರೆದ. ಹೂ ಕೇಳಿದ್ದು ಸ್ಕ್ಯಾನರಿಗೆ ಎಂದರೆ ಅದು ಎಲ್ಲಿ, ಯಾರು ಹಾಕಿಕೊಟ್ಟರು, ಹೇಗೆ ರಿಪೇರಿ ಆಯಿತು ಎಂದು ಒಂದೊಂದೇ ಕೇಳುತ್ತಾರೆ. ಸುಳ್ಳು ಹೇಳಲು ಬಾರದವನು, ಮೂರನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. ಜನರ ಹಿಂದೆ ಮರಿಯಯ್ಯ ನಿಂತಿದ್ದ. ಚಲುವಯ್ಯ ಅವನನ್ನೊಮ್ಮೆ ನೋಡಿ, "ನಾನ್ ಊ ಕೇಳಿದ್ದು ನಂಗೋಸ್ಕರ ಅಲ್ಲ. ಸುಂದ್ರಕ್ಕ ಗೆಲ್ತಾರಾ ಅಂತ ಕೇಳ್ದೆ" ಎಂದ.

"ಅಂಗಾದ್ರೆ ಮೂರ್ ಸಲ ಯಾಕ್ ಕೇಳ್ದೆ?" ಎಂದರು ಕಿರಣ್‌ಕುಮಾರ್.

"ಮೊದ್ಲು ನಿಮ್ ಕಡೆಯೋರು ಗೆಲ್ತಾರಾ ಅಂದೆ, ಎಡಕ್ ಬಿತ್ತು. ತಿರ್ಗಾ ಕೇಳ್ದೆ, ಆಗ್ಲೂ ಎಡಕ್ಕೇ ಬಿತ್ತು."

ಜನ ಹೋ ಎಂದು ನಕ್ಕರು. ಕಿರಣ್‌ಕುಮಾರರಿಗೆ ಸಹಿಸಲಾಗಲಿಲ್ಲ. "ಅಂಗಾದ್ರೆ ಕರ್ಪೂರ ಅಚ್ಚಿ ಆಣೆ ಮಾಡ್ಲಿ!" ಎಂದರು. ನಗು ನಿಂತಿತು. ಕರ್ಪೂರದ ಆಣೆ ಎಂದರೆ ನಮ್ಮೂರಿನಲ್ಲಿ ತಮಾಷೆಯಲ್ಲ. ದೇವಯ್ಯ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಮುಂದಿಟ್ಟ. ಚಲುವಯ್ಯ, ಹುಣ್ಣಿಮೆಯ ದಿನ ಕೋಳಿ ಕೂಡ ಮುಟ್ಟದ ಚಲುವಯ್ಯ, ಕೈಯನ್ನು ಉರಿಯ ಮೇಲೆ ಚಾಚಿದ.

ಹಿಂದಿನಿಂದ ಮರಿಯಯ್ಯ ಜನರನ್ನು ತಳ್ಳಿಕೊಂಡು ಬಂದು ಅಂಗೈಯಿಂದ ಕರ್ಪೂರವನ್ನು ಬಡಿದು ಆರಿಸಿದ.

"ಬ್ಯಾಡ ಕಣ್ಲಾ, ನನ್ಗೋಸ್ಕರ ಸುಳ್ ಆಣೆ ಮಾಡ್ಬ್ಯಾಡ" ಎಂದು ಜನರ ಕಡೆ ತಿರುಗಿದ. ಶರ್ಟಿನ ಜೇಬಿನಿಂದ ಹೆಬ್ಬೆರಳಿನ ಗಾತ್ರದ್ದನ್ನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ಇವ್ನು ಊ ಕೇಳಿದ್ದು ಇಂತಾದ್ದೊಂದು ತಕಳಕ್ಕೆ ಕಣ್ರಪ್ಪ. ಅಂಗಂದ್ರೆ ನನ್ ಮಾನ ಓಯ್ತದೆ ಅಂತ ಸುಳ್ ಯೋಳವ್ನೆ. ಎರಡ್ ವರ್ಸದಿಂದ ನಿಮ್ ಗಾಡಿಗಳ್ನೆಲ್ಲ ನಾನು ಇದ್ರಲ್ಲೇ ನೋಡಿದ್ದು. ಬರೀ ಕಿವಿಲಲ್ಲ. ಇನ್ ಬರೋದಾದ್ರೆ ಬನ್ನಿ, ಇಲ್ದಿದ್ರೆ ಬುಡಿ."

ಶುಂಠಿ ಸಾಗಿಸುವ ಲಾರಿಯ ಕುಳ್ಳಯ್ಯ ತಲೆ ಕೆರೆದುಕೊಂಡು ಹೇಳಿದ: "ಅದು ನಮ್ಗೆ ಗೊತ್ತಿತ್ತು ಬುಡು ಮರಿಯಣ್ಣ. ಎಷ್ಟ್ ಟೀ ಅಂತ ಕುಡ್ಯಾದು? ಒಂದಿನ ಬೇಗ ಬಂದು ಕಿಟಕಿಲಿ ನೋಡ್ದೆ. ಗಾಡಿ ಸರಿ ಓಯ್ತಿತ್ತಲ್ಲ, ನಿನ್ ಮನಸ್ ಯಾಕ್ ನೋಯ್ಸದು ಅಂತ ಸುಮ್ಕಿದ್ವಿ."

"ನಂಗೂ ಗೊತ್ತಿತ್ತು" ಎಂದರು ಇಬ್ಬರು ಮೂವರು. ದೇವಯ್ಯನಿಗೂ ಗೊತ್ತಿತ್ತು. ಕಿರಣ್‌ಕುಮಾರರ ಟ್ರ್ಯಾಕ್ಟರ್ ಡ್ರೈವರನಿಗೂ ಗೊತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ, ಏಕೆಂದರೆ ನನ್ನ ಹತ್ತಿರ ಇರುವುದು ಸೈಕಲ್ಲು. ಮರಿಯಯ್ಯ ಟವಲಿನಿಂದ ಮುಖ ಮುಚ್ಚಿಕೊಂಡ. ಬೆವರು ಒರೆಸಿಕೊಳ್ಳಲು ಅಷ್ಟು ಹೊತ್ತು ಬೇಕಾಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಏನೂ ಅನ್ನಲಿಲ್ಲ. ಚಲುವಯ್ಯ ವಾಪಸ್ ಅರ್ಜಿಗೆ ಸಹಿ ಹಾಕಿದ. ಸುಂದ್ರಮ್ಮ ಅವಿರೋಧವಾಗಿ ಆಯ್ಕೆಯಾದಳೆಂದು ಶೃತಿ ಮೇಡಮ್ಮು ಓದಿದರು.

ಈಗ ಮರಿಯಯ್ಯನ ಶೆಡ್ಡಿನಲ್ಲಿ ಗುಟ್ಟೇನೂ ಇಲ್ಲ. ಆದ್ದರಿಂದ ಒಂದು ಗಾಡಿ ಬಂದರೆ ಹತ್ತು ಜನ ಪರದೆಯ ಸುತ್ತ ಮುಗಿಬಿದ್ದು, ಆ ನಂಬರಿಗೆ ಇದು ಅರ್ಥ, ಅದಕ್ಕೆ ಅದು ಅರ್ಥ ಎಂದು ಜಗಳವಾಡುತ್ತಾರೆ. ಅರ್ಧ ಗಂಟೆಯ ಕೆಲಸಕ್ಕೆ ಮೂರು ಗಂಟೆ ಹಿಡಿಯುತ್ತದೆ. ಮರಿಯಯ್ಯನ ತಾಳ್ಮೆ ಮುಗಿದು, "ಎಲ್ರೂ ಓಗಿ ಟೀ ಕುಡ್ಕಂಡ್ ಬನ್ರಪ್ಪ!" ಎಂದು ಗದರುತ್ತಾನೆ. ಎಲ್ಲರೂ ಎದ್ದು ಹೊರಡುತ್ತಾರೆ. ಚಲುವಯ್ಯನೂ ಎದ್ದರೆ ಅವನ ಭುಜ ಹಿಡಿದು ಕೂರಿಸುತ್ತಾನೆ.

"ನೀನೆಲ್ಲಿಗ್ಲಾ? ಮಿಸನ್ ಇಡ್ಕ. ನಂಗ್ ಸಣ್ಣಕ್ಷರ ಕಾಣಾಕಿಲ್ಲ."